ವಕೀಲರನ್ನು ಕೇಳಿ: ಯುಎಪಿಎ ಬಂಧನ, 90 ದಿನದ ಲೆಕ್ಕ (ತುಮಕೂರು ಗುಂಪು)

ಶಿರಾ ಸದಸ್ಯೆ: ನನ್ನ ಭಾವನನ್ನು ಯುಎಪಿಎ (ಭಯೋತ್ಪಾದನೆ ತಡೆ ಕಾನೂನು) ಅಡಿ ಹಿಡಿದಿದ್ದಾರೆ. ಪರಪ್ಪನ ಅಗ್ರಹಾರ ಜೈಲಿಗೆ ಹಾಕಿ ಇವತ್ತಿಗೆ 78 ದಿನ. 90 ತುಂಬಿದರೆ ತಾನಾಗಿಯೇ ಬಿಡುತ್ತಾರೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಕಾದರೆ ಸಾಕೇ?

ವಕೀಲರು: ಸಾಲದು. ತಾನಾಗಿ ತೆರೆದುಕೊಳ್ಳುವ ಜೈಲಿನ ಬಾಗಿಲನ್ನು ನಾನಂತೂ ಕಂಡಿಲ್ಲ. 90 ದಿನದೊಳಗೆ ಆರೋಪ ಪಟ್ಟಿ ಬಾರದಿದ್ದರೆ ಡೀಫಾಲ್ಟ್ ಜಾಮೀನಿನ ಹಕ್ಕು ಹುಟ್ಟುತ್ತದೆ, ಆದರೆ ಅರ್ಜಿ ಹಾಕಿ ಕೇಳಬೇಕು. ನೀವು ಕೇಳುವ ಮೊದಲೇ ಪಟ್ಟಿ ಸಲ್ಲಿಕೆಯಾದರೆ ಹಕ್ಕು ಮುಗಿಯಿತು. ಒಮ್ಮೆ ಅರ್ಜಿಗೆ ಸಹಿ ಬಾಕಿ ಇದೆ ಎಂದು ನಾನು ಕಾರಿಡಾರಿನಲ್ಲಿ ಪೆನ್ನು ಹುಡುಕುತ್ತಿದ್ದಾಗ, ಎದುರಿನ ಕಡೆಯವರು ಕೆಂಪು ದಾರ ಕಟ್ಟಿದ ಕಂತೆ ಹಿಡಿದು ಒಳಗೆ ಹೋದರು. ಅಷ್ಟೇ. ಸಮಯ ಇಲ್ಲದಿದ್ದರೆ ಬಾಯಿಮಾತಿನಲ್ಲಿಯೂ ಕೇಳಬಹುದು. 2017ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ.

ಇನ್ನೊಂದು ಅಪಾಯ. ಸರ್ಕಾರಿ ಅಭಿಯೋಜಕರು ತನಿಖೆಯ ಪ್ರಗತಿ ಮತ್ತು ನಿರ್ದಿಷ್ಟ ಕಾರಣ ಬರೆದು ವರದಿ ಕೊಟ್ಟರೆ, ನ್ಯಾಯಾಲಯ ಅವಧಿಯನ್ನು 180 ದಿನಕ್ಕೆ ಏರಿಸಬಹುದು. ಆ ಹೊತ್ತಿಗೆ ಆರೋಪಿ ಹಾಜರಿರಲೇಬೇಕು, ವಿಷಯ ಅವರಿಗೆ ತಿಳಿದಿರಬೇಕು (2022ರ ಜಿಗರ್ ಪ್ರಕರಣ). ನಿಮ್ಮ ವಕೀಲರು ಅಲ್ಲಿಯೇ ಎದ್ದು ಆಕ್ಷೇಪಿಸಲಿ.

ಮಧುಗಿರಿ ಸದಸ್ಯ: ಹಾಗಾದರೆ ಜಾಮೀನು ಸಿಗುತ್ತದೆಯೇ?

ವಕೀಲರು: ಮೇಲೆ ಓದಿ.

ಪಾವಗಡ ಸದಸ್ಯ: ಯುಎಪಿಎ ಆರೋಪಿಗೆ ಜಾಮೀನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2021ರ ನಜೀಬ್ ತೀರ್ಪಿನ ಮುದ್ರಿತ ಪ್ರತಿ ತೋರಿಸಿದರೆ ಯಾವ ನ್ಯಾಯಾಲಯವಾದರೂ ಬಿಡಬೇಕು. ಎಲ್ಲರಿಗೂ ಕಳುಹಿಸಿ.

ವಕೀಲರು: ಕಳುಹಿಸಬೇಡಿ. ಆ ಆರೋಪಿ ಐದು ವರ್ಷ ಮೀರಿ ಒಳಗಿದ್ದ, 276 ಸಾಕ್ಷಿಗಳ ವಿಚಾರಣೆ ಬಾಕಿ ಇತ್ತು. ವಿಳಂಬ ನೋಡಿ ಬಿಡುವ ಆ ಅಧಿಕಾರ ಸಂವಿಧಾನಾತ್ಮಕ ನ್ಯಾಯಾಲಯಗಳದು, ಅಂದರೆ ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳದು. ಎರಡೂವರೆ ತಿಂಗಳಿಗೆ ಒದಗುವ ಔಷಧ ಅದಲ್ಲ.

ತಿಪಟೂರು ಸದಸ್ಯ: ಬಾಂಬ್ ಇಟ್ಟವರಿಗೆ ದಿನ ಎಣಿಸಿಕೊಡುವ ಗುಂಪೇ ಇದು?

ಕುಣಿಗಲ್ ಸದಸ್ಯ: ಇಟ್ಟರೋ ಇಲ್ಲವೋ ಎಂದು ನೋಡುವುದಕ್ಕೇ ವಿಚಾರಣೆ. ಇಂಥದ್ದೇ ಹಳೆಯ ಭಯೋತ್ಪಾದನೆ ತಡೆ ಕಾನೂನುಗಳಲ್ಲಿ ಟಾಡಾ ಯಾಕೆ 1995ರಲ್ಲಿ ಮುಂದುವರಿಯಲಿಲ್ಲ, ಪೋಟಾ ಯಾಕೆ 2004ರಲ್ಲಿ ರದ್ದಾಯಿತು, ಗೊತ್ತೇ?

ತಿಪಟೂರು ಸದಸ್ಯ: 2008ರ ಮುಂಬೈ ಗೊತ್ತು. ಸತ್ತವರ ಹಕ್ಕು ಯಾರು ಎಣಿಸುತ್ತಾರೆ?

ಕುಣಿಗಲ್ ಸದಸ್ಯ: ನಿಮ್ಮ ಮನೆಯ ಹುಡುಗನನ್ನು ತಪ್ಪಾಗಿ ಹಿಡಿದ ದಿನ ಮಾತನಾಡೋಣ.

ತಿಪಟೂರು ಸದಸ್ಯ: ನಮ್ಮ ಮನೆ ಎತ್ತಬೇಡಿ.

ವಕೀಲರು: ಇಬ್ಬರೂ ನಿಲ್ಲಿಸಿ. ಆ ದಾಳಿಯ ಬೆನ್ನಿಗೇ ಯುಎಪಿಎಗೆ ಈ 90–180 ದಿನದ 43ಡಿ ಕಲಮನ್ನು ಸೇರಿಸಿದ್ದು. ತನಿಖೆಗೆ ಕಾಲ ಬೇಕೆಂದೇ 180 ಕೊಟ್ಟರು. ಕೊಟ್ಟ ಮೇಲೆ ಸರ್ಕಾರವೂ ಅದರೊಳಗೆ ಕೆಲಸ ಮುಗಿಸಲಿ ಎಂದರೆ ದೇಶದ್ರೋಹವೇ?

ಗುಬ್ಬಿ ಸದಸ್ಯ: ಎನ್‌ಎಸ್‌ಎಗೂ (ರಾಷ್ಟ್ರೀಯ ಭದ್ರತಾ ಕಾಯ್ದೆ) 90 ದಿನವೇ?

ವಕೀಲರು: ಅಲ್ಲ. ಅದು ಮುನ್ನೆಚ್ಚರಿಕೆ ಬಂಧನ, 12 ತಿಂಗಳವರೆಗೂ ಇಡಬಹುದು. ಬಂಧನ ಸರಿಯೇ ಎಂದು ನೋಡುವ ಸಲಹಾ ಮಂಡಳಿಯ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕೂ ಇಲ್ಲ. ಬೇರೆ ದಿನ ಕೇಳಿ.

ಕೊರಟಗೆರೆ ಸದಸ್ಯೆ: ಶ್ಯೂರಿಟಿಗೆ ಜಂಟಿ ಪಹಣಿ ನಡೆಯುತ್ತದೆಯೇ?

ಮಧುಗಿರಿ ಸದಸ್ಯ: ಜಾಮೀನು ಸಿಗುತ್ತದೆಯೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿ.

ವಕೀಲರು: ಇದೇ ಪ್ರಶ್ನೆ ಮೂರನೆಯ ಸಲ ಬಂದರೆ ನಾನು ಗುಂಪು ಬಿಡುತ್ತೇನೆ. ಶಿರಾದವರೇ, 78 ಎಂದು ಎಣಿಸಿದ್ದು ಯಾವತ್ತಿನಿಂದ?

ಶಿರಾ ಸದಸ್ಯೆ: ಜೈಲಿಗೆ ಕಳುಹಿಸಿದ ದಿನದಿಂದ. ಅದಕ್ಕೆ ಮೊದಲು ಹತ್ತು ದಿನ ಪೊಲೀಸ್ ವಶದಲ್ಲಿದ್ದರು.

ವಕೀಲರು: ಆ ಹತ್ತೂ ಸೇರುತ್ತವೆ ತಾಯಿ. ಮೊದಲ ರಿಮಾಂಡ್ ದಿನವೂ, ಅಂದರೆ ನ್ಯಾಯಾಲಯ ಮೊದಲು ವಶಕ್ಕೆ ಕೊಟ್ಟ ದಿನವೂ ಲೆಕ್ಕಕ್ಕೆ ಬರುತ್ತದೆ. ಇವತ್ತು 88. ನಿಮ್ಮ ವಕೀಲರಿಗೆ ಈಗಲೇ ಫೋನ್ ಮಾಡಿ. ಎತ್ತದಿದ್ದರೆ 15100, ಉಚಿತ ಕಾನೂನು ನೆರವು. 91ನೆಯ ದಿನ ಮೊದಲ ಬಸ್ಸಿಗೆ ಬೆಂಗಳೂರಿಗೆ ಹೊರಡಿ; ಕೋರ್ಟ್ ಹಾಲಿನ ಬೀಗ ತೆಗೆಯುವಾಗ ಅರ್ಜಿ ಕೈಯಲ್ಲಿರಲಿ.