ಕಾರಿನ ಮೇಲೆ ಗಟ್ಟಿಯಾದ ಮರದ ಅಂಟು: ಬಣ್ಣ ಕೆಡದಂತೆ ತೆಗೆದವರ ಅನುಭವ

ಪ್ರಶ್ನೆ

ಮೂರು ವಾರಗಳ ಕಾಲ ನನ್ನ ಕಾರನ್ನು ಮರದ ಕೆಳಗೆ ನಿಲ್ಲಿಸಬೇಕಾಗಿ ಬಂದಿತ್ತು. ಈಗ ಬಾನೆಟ್ ಮತ್ತು ಛಾವಣಿಯ ಮೇಲೆ ಕಂದು ಹನಿಗಳು ಗಾಜಿನಂತೆ ಗಟ್ಟಿಯಾಗಿ ಕುಳಿತಿವೆ; ಶಾಂಪೂ ಹಾಕಿ ಎರಡು ಬಾರಿ ತೊಳೆದರೂ ಕದಲಲಿಲ್ಲ. ಉಗುರಿನಿಂದ ಕೆರೆದಾಗ ಸುತ್ತಲೂ ಸಣ್ಣ ಗೀರು ಮೂಡಿದ್ದರಿಂದ ಅಲ್ಲಿಗೇ ನಿಲ್ಲಿಸಿದ್ದೇನೆ. ಕಾರಿನ ಬಣ್ಣ ಗಾಢ ನೀಲಿ. ಹಿಂದಿನ ಬಂಪರ್‌ಗೆ ಹದಿನೈದು ದಿನಗಳ ಹಿಂದಷ್ಟೇ ಹೊಸ ಬಣ್ಣ ಹೊಡೆಸಿದ್ದೇನೆ, ಅದರ ಮೇಲೂ ಎರಡು ಹನಿ ಬಿದ್ದಿವೆ. ಸೀಮೆಎಣ್ಣೆ, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಥಿನ್ನರನ್ನೂ ಉಗುರುಬಣ್ಣ ತೆಗೆಯುವ ದ್ರವವನ್ನೂ ಮೊದಲು ದೂರವಿಡಿ. ಎರಡನೆಯದರಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ. ಅದು ಅಂಟನ್ನು ಕರಗಿಸುವಷ್ಟೇ ಸಲೀಸಾಗಿ ಬಣ್ಣವನ್ನೂ ಮೆದುಗೊಳಿಸಬಲ್ಲದು. ಬಣ್ಣದ ಮೇಲೆ ಹೊಳಪಿಗಾಗಿ ಹಾಕಿರುವ ಪಾರದರ್ಶಕ ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್‌ನಷ್ಟು ದಪ್ಪವಿರುತ್ತದೆ, ಅಂದರೆ ತಲೆಗೂದಲಿಗಿಂತಲೂ ತೆಳು. ನಾವು ಕಾಪಾಡಿಕೊಳ್ಳಬೇಕಾಗಿರುವುದು ಈ ತೆಳು ಪದರವನ್ನೇ.

ನೀವು ವಿವರಿಸಿದ ಹನಿ ನೋಡಿದರೆ ಅದು ರಾಳವೆಂದು ತೋರುತ್ತದೆ. ಮರದಿಂದ ತೊಟ್ಟಿಕ್ಕುವಾಗ ರಾಳದಲ್ಲಿ ಬೇಗ ಆವಿಯಾಗುವ ಎಣ್ಣೆಗಳಿರುತ್ತವೆ. ಬಿಸಿಲಿಗೆ ಅವು ಹಾರಿಹೋದ ಮೇಲೆ ಉಳಿಯುವ ಗಟ್ಟಿ ಭಾಗ ನೀರಿನಲ್ಲಿ ಕರಗುವುದಿಲ್ಲ. ಎಷ್ಟು ಶಾಂಪೂ ಹಾಕಿದರೂ ಪ್ರಯೋಜನವಾಗದಿರುವುದು ಇದೇ ಕಾರಣಕ್ಕೆ. ಆದರೆ ಆಲ್ಕೊಹಾಲಿನಲ್ಲಿ ಅದು ಕರಗುತ್ತದೆ. ನಾನು ಎರಡು ಬಾರಿ ಬಳಸಿದ್ದು ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲ್. ಇದಕ್ಕಿಂತ ಗಾಢವಾದದ್ದು ಹೆಚ್ಚು ಬೇಗ ಆರಿಹೋಗುವುದರಿಂದ, ಹನಿಯ ಮೇಲೆ ಸ್ವಲ್ಪ ಹೊತ್ತು ಒದ್ದೆಯಾಗಿ ನಿಲ್ಲುವ ಶೇ. 70ರದ್ದೇ ನನಗೆ ಅನುಕೂಲವೆನಿಸಿತು.

ಕಾರು ನೆರಳಿನಲ್ಲಿರಬೇಕು, ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಮೊದಲು ಇಡೀ ಕಾರನ್ನು ತೊಳೆದು ಒರೆಸಿ, ಏಕೆಂದರೆ ಧೂಳು ಉಳಿದಿದ್ದರೆ ಒರೆಸುವ ಬಟ್ಟೆಯೇ ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ಬಳಿಕ ಬಾಗಿಲು ತೆರೆದಾಗ ಮಾತ್ರ ಕಾಣುವ ಒಳ ಅಂಚಿನಲ್ಲಿ ಒಂದು ತೊಟ್ಟು ಹಚ್ಚಿ, ಬಟ್ಟೆಗೆ ಬಣ್ಣ ಹತ್ತುತ್ತದೆಯೇ, ಹೊಳಪು ಮಂಕಾಗುತ್ತದೆಯೇ ಎಂದು ನೋಡಿಕೊಳ್ಳಿ. ಏನೂ ಆಗದಿದ್ದರೆ ಮೈಕ್ರೋಫೈಬರ್ ಬಟ್ಟೆಯ ಮೂಲೆಯನ್ನು ಆಲ್ಕೊಹಾಲಿನಲ್ಲಿ ತೋಯಿಸಿ ಹನಿಯ ಮೇಲೆ ಅರ್ಧ ನಿಮಿಷ ಸುಮ್ಮನೆ ಇಡಿ. ಉಜ್ಜಬೇಡಿ. ಅಂಚು ಮೆತ್ತಗಾಗುತ್ತಿದ್ದಂತೆ ಹೊರಗಿನಿಂದ ಹನಿಯ ನಡುವಿನ ಕಡೆಗೆ ಮೆಲ್ಲನೆ ಒರೆಸಿ, ಬಟ್ಟೆಯ ಬೇರೆ ಮಗ್ಗುಲಿಗೆ ತಿರುಗಿಸಿಕೊಂಡು ಮತ್ತೆ ಇಡಿ. ದೊಡ್ಡ ಹನಿಗೆ ಐದಾರು ಸುತ್ತು ಬೇಕಾಗಬಹುದು. ನನ್ನ ಮಟ್ಟಿಗೆ ಹೇಳುವುದಾದರೆ ತಾಳ್ಮೆ ಕೆಟ್ಟದ್ದು ಮೂರನೆಯ ಸುತ್ತಿನಲ್ಲಿ, ಒಂದೇ ಒಂದು ಗೀರು ಬಿದ್ದದ್ದೂ ಆಗಲೇ.

ಮುಗಿದ ಜಾಗವನ್ನು ಕೂಡಲೇ ನೀರಿನಿಂದ ಒರೆಸಿಬಿಡಿ. ಆಲ್ಕೊಹಾಲ್ ವ್ಯಾಕ್ಸನ್ನೂ ಎತ್ತಿಕೊಂಡು ಹೋಗುವುದರಿಂದ ಅಲ್ಲಿ ಮತ್ತೆ ವ್ಯಾಕ್ಸ್ ಹಚ್ಚಲೇಬೇಕು. ಆಲ್ಕೊಹಾಲಿನ ಆವಿ ಬೆಂಕಿ ಹೊತ್ತಿಕೊಳ್ಳುವಂಥದ್ದು. ಮುಚ್ಚಿದ ಗ್ಯಾರೇಜಿನಲ್ಲಿ ಈ ಕೆಲಸ ಬೇಡ.

ಉತ್ತರ 2

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ಆದರೆ ಮರದಿಂದ ಬೀಳುವುದೆಲ್ಲ ರಾಳವಲ್ಲ ಎಂಬುದನ್ನು ಸೇರಿಸಬೇಕೆನಿಸಿತು. ಗೋಂದಾಗಿದ್ದರೆ ಅದು ನೀರಿನಲ್ಲೇ ನೆನೆದು ಕರಗುತ್ತದೆ; ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿಟ್ಟರೆ ಸಾಕು. ಆಲ, ಅತ್ತಿಯಂಥ ಹಾಲು ಸುರಿಸುವ ಮರಗಳ ಮೇಣ ರಬ್ಬರಿನಂತೆ ಎಳೆಯುತ್ತದೆ. ಅದು ಆಲ್ಕೊಹಾಲಿಗೆ ಸುಲಭವಾಗಿ ಜಗ್ಗುವುದಿಲ್ಲ. ಅದರ ಮೇಲೆ ಅಡುಗೆ ಎಣ್ಣೆ ಸವರಿ ಕಾಲು ಗಂಟೆ ಬಿಟ್ಟಾಗ ಅಂಚು ಎದ್ದುಕೊಂಡಿತು, ಬೆರಳಿನಿಂದ ಉರುಳಿಸಿ ತೆಗೆದೆ. ಇನ್ನು ಕಾರಿನ ತುಂಬ ಸಣ್ಣ ಸಣ್ಣ ಚುಕ್ಕೆಗಳು ಜಿಗುಟಾಗಿ ಹರಡಿದ್ದರೆ ಅದು ಬಹುಮಟ್ಟಿಗೆ ಮರದ ಅಂಟೇ ಅಲ್ಲ, ಎಲೆಗಳ ರಸ ಹೀರುವ ಗಿಡಹೇನಿನಂಥ ಕೀಟಗಳು ವಿಸರ್ಜಿಸುವ ಸಕ್ಕರೆಯ ಅಂಶದ ದ್ರವ. ಅದಕ್ಕೆ ಬಿಸಿನೀರು ಮತ್ತು ಶಾಂಪೂ ಸಾಕು. ಮೊದಲು ನೀರು, ಅದಕ್ಕೆ ಬಗ್ಗದಿದ್ದರೆ ಮಾತ್ರ ಮುಂದಿನದು ಎಂಬ ಕ್ರಮವನ್ನು ನಾನು ಬಿಡುವುದಿಲ್ಲ.

ಸೀಮೆಎಣ್ಣೆಯ ಬಗ್ಗೆ ಕೇಳಿದ್ದೀರಿ. ಅದು ರಾಳವನ್ನು ಮೆತ್ತಗಾಗಿಸುತ್ತದೆ, ನಿಜ. ಆದರೆ ಜಿಡ್ಡಿನ ಪದರ ಉಳಿಸಿ ಧೂಳನ್ನು ಕರೆದುಕೊಳ್ಳುತ್ತದೆ, ರಬ್ಬರ್ ಪಟ್ಟಿಗಳಿಗೂ ಒಳ್ಳೆಯದಲ್ಲ. ಆಲ್ಕೊಹಾಲ್ ಕೈಗೆ ಸಿಗುವಾಗ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಉತ್ತರ 3

ಬಂಪರ್ ವಿಷಯ ಓದಿ ಬರೆಯುತ್ತಿದ್ದೇನೆ. ಹೊಸದಾಗಿ ಬಣ್ಣ ಹೊಡೆಸಿದ ಬಾಗಿಲಿನ ಮೇಲೆ ನಾನು ಹೀಗೇ ಆಲ್ಕೊಹಾಲ್ ಬಟ್ಟೆ ಇಟ್ಟು, ಫೋನ್ ಬಂತೆಂದು ಒಳಗೆ ಹೋಗಿ ಮರೆತೆ. ಬಂದು ನೋಡಿದಾಗ ಅಂಗೈ ಅಗಲದ ಜಾಗ ಹೊಳಪು ಕಳೆದುಕೊಂಡು ಹಾಲಿನಂತೆ ಬಿಳುಚಿಕೊಂಡಿತ್ತು. ಬಟ್ಟೆಯ ನೇಯ್ಗೆಯ ಗುರುತೂ ಅದರಲ್ಲಿ ಮೂಡಿತ್ತು. ಬಣ್ಣ ಹೊಡೆದವರೇ ಹೇಳಿದಂತೆ, ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಆದ್ದರಿಂದ ಬಂಪರ್ ಮೇಲೆ ಯಾವ ದ್ರಾವಕವನ್ನೂ ಬಳಸಬೇಡಿ. ಉಗುರುಬೆಚ್ಚಗಿನ ನೀರಿನ ಬಟ್ಟೆ ಇಟ್ಟು ನೋಡಿ, ಆಗದಿದ್ದರೆ ನಿಮಗೆ ಬಣ್ಣ ಹೊಡೆದುಕೊಟ್ಟವರನ್ನೇ ಕೇಳಿ. ಆ ಎರಡು ಹನಿಗಳು ಇನ್ನಷ್ಟು ದಿನ ಅಲ್ಲೇ ಇದ್ದರೆ ಗುರುತು ಬೀಳಬಹುದು. ಆದರೂ ನನ್ನ ಬಾಗಿಲಿಗೆ ಆದದ್ದಕ್ಕಿಂತ ಅದು ಕಡಿಮೆ ನಷ್ಟ.

ಮ್ಯಾಟ್ ಬಣ್ಣದ ಕಾರು ಇರುವವರು ಉಜ್ಜುವುದನ್ನೂ ಪಾಲಿಶ್ ಮಾಡುವುದನ್ನೂ ಪೂರ್ತಿಯಾಗಿ ಬಿಡಬೇಕು, ಉಜ್ಜಿದಲ್ಲಿ ಮಾತ್ರ ಹೊಳಪು ಬಂದು ತೇಪೆಯಂತೆ ಕಾಣುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬೆಳಿಗ್ಗೆ ಬಿಸಿಲೇರುವ ಮೊದಲೇ ಕುಳಿತು ಬಾನೆಟ್ ಮತ್ತು ಛಾವಣಿಯ ಹನಿಗಳನ್ನು ತೆಗೆದೆ. ಬಿಸಿನೀರಿಗೆ ಜಗ್ಗಲಿಲ್ಲ, ಆಲ್ಕೊಹಾಲಿಗೆ ಕರಗಿದವು. ಬಾಗಿಲಿನ ಅಂಚಿನಲ್ಲಿದ್ದ ಒಂದೆರಡು ಹನಿಗಳಿಗೆ ದ್ರವ ಜಾರಿ ಹೋಗುತ್ತಿತ್ತು. ಅಲ್ಲಿ ಆಲ್ಕೊಹಾಲ್ ಇರುವ ಸ್ಯಾನಿಟೈಸರ್ ಜೆಲ್ ಹಚ್ಚಿದಾಗ ಅದು ನಿಂತು ಕೆಲಸ ಮಾಡಿತು. ಆದರೆ ಛಾವಣಿಯ ಮೇಲಿನ ನಾಲ್ಕು ಕಡೆ ಅಂಟು ಹೋದರೂ ಬಳೆಯಂಥ ಮಂಕು ಗುರುತು ಉಳಿದಿದೆ. ಬೆರಳಾಡಿಸಿದರೆ ತಿಳಿಯುವುದಿಲ್ಲ, ಓರೆ ಬೆಳಕಿನಲ್ಲಿ ಮಾತ್ರ ಕಾಣುತ್ತದೆ. ಇದಕ್ಕೇನು ಮಾಡಬಹುದು?

ಉತ್ತರ 1

ಮತ್ತೆ ಆಲ್ಕೊಹಾಲ್ ಹಾಕಬೇಡಿ. ಅದು ಕರಗಿಸಬೇಕಾದದ್ದೇನೂ ಅಲ್ಲಿ ಉಳಿದಂತಿಲ್ಲ. ತೆಳುವಾದ ಪೊರೆ ಉಳಿದಿರಬಹುದೆಂಬ ಅನುಮಾನವಿದ್ದರೆ ಕ್ಲೇ ಬಾರನ್ನು, ಅಂದರೆ ಬಣ್ಣಕ್ಕೆ ಅಂಟಿದ ಕೊಳೆಯನ್ನು ಎತ್ತುವ ಮೆತ್ತನೆಯ ಜೇಡಿಯಂಥ ಉಂಡೆಯನ್ನು, ಅದರ ಜಾರುದ್ರವದೊಂದಿಗೆ ಹಗುರವಾಗಿ ಆಡಿಸಿ ನೋಡಿ. ಅದು ಕೈಯಿಂದ ಕೆಳಗೆ ಬಿದ್ದರೆ ಎಷ್ಟೇ ತೊಳೆದರೂ ಮತ್ತೆ ಬಳಸಬಾರದು, ಅಂಟಿಕೊಂಡ ಒಂದು ಮರಳಿನ ಕಣ ಸಾಕು. ಅದಕ್ಕೂ ಗುರುತು ಹೋಗದಿದ್ದರೆ ಬಿಸಿಲಿನಲ್ಲಿ ಕಾದ ಅಂಟು ಕ್ಲಿಯರ್ ಕೋಟನ್ನು ತುಸು ಕೊರೆದಿದೆ ಎಂದರ್ಥ. ಅಂಥದ್ದು ನಯವಾದ ಪಾಲಿಶಿಗೆ, ಯಂತ್ರವಿಲ್ಲದೆ ಕೈಯಿಂದಲೇ, ಬಹಳಷ್ಟು ಮಟ್ಟಿಗೆ ಮಾಯವಾಗುತ್ತದೆ. ಆದರೆ ಪ್ರತಿ ಪಾಲಿಶೂ ಆ ತೆಳು ಪದರದಿಂದಲೇ ಒಂದಿಷ್ಟು ಸವೆಸುತ್ತದೆ. ನನ್ನ ಕಾರಿನಲ್ಲಿ ಇಂಥ ಗುರುತೊಂದು ಎರಡು ಬಾರಿ ಪಾಲಿಶ್ ಮಾಡಿದರೂ ಪೂರ್ತಿ ಹೋಗಲಿಲ್ಲ, ಅದನ್ನು ಹಾಗೆಯೇ ಬಿಟ್ಟು ವ್ಯಾಕ್ಸ್ ಹಚ್ಚಿದ್ದೇನೆ. ನಿಮ್ಮವು ಛಾವಣಿಯ ಮೇಲಿವೆ, ಓರೆ ಬೆಳಕಿನಲ್ಲಷ್ಟೇ ಕಾಣುತ್ತವೆ ಎನ್ನುತ್ತೀರಿ. ಒಂದು ಬಾರಿ ಪಾಲಿಶ್ ಮಾಡಿ ಅಲ್ಲಿಗೆ ನಿಲ್ಲಿಸುವುದು ಲೇಸು.

ಉತ್ತರ 2

ವೈಪರ್‌ಗಳನ್ನು ಹಾಕುವ ಮೊದಲು ಮುಂದಿನ ಗಾಜನ್ನೂ ಒಮ್ಮೆ ನೋಡಿಕೊಳ್ಳಿ. ಗಾಜಿನ ಮೇಲಿನ ಗಟ್ಟಿ ಹನಿಯನ್ನು ಒದ್ದೆ ಮಾಡಿ ಹೊಸ ಬ್ಲೇಡನ್ನು ಮಲಗಿಸಿ ಹಿಡಿದು ಎಬ್ಬಿಸಬಹುದು. ಬಣ್ಣದ ಹತ್ತಿರವೂ ಹೆಡ್‌ಲೈಟಿನ ಪ್ಲಾಸ್ಟಿಕ್ಕಿನ ಹತ್ತಿರವೂ ಆ ಬ್ಲೇಡ್ ಸುಳಿಯಬಾರದು.