ಕಾಕಾನ ಮಾರುತಿ, ಖಂಬಾಟಕಿ ಘಾಟು

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ರವಿವಾರ ಬೆಳಿಗ್ಗೆ ನಡೆದದ್ದು. ಅರ್ಧ ಜನ ಪುಣೆ, ಅರ್ಧ ಮುಂಬಯಿ, ಜಗಳ ಮಾತ್ರ ಧಾರವಾಡದ್ದು. ಹೆಸರು ತೆಗೆದಿದ್ದೇನೆ, ಸಂಬಂಧ ಉಳಿಸಿದ್ದೇನೆ.

ಕೋಥ್ರುಡ ಕಾಕಾ: (ಹಲವು ಸಲ ಫಾರ್ವರ್ಡ್ ಆಗಿದ್ದು) 🔥ಮೆಕ್ಯಾನಿಕ್‌ಗಳು ಮುಚ್ಚಿಟ್ಟ ಗುಟ್ಟು!🔥 ಹಳೇ ಕಾರಿನ ಸ್ಪಾರ್ಕ್ ಪ್ಲಗ್ ನೀವೇ ಬದಲಿಸಿ. ಎಂಜಿನ್ ಬಿಸಿ ಇರುವಾಗಲೇ ಬಿಚ್ಚಿ, ಸಲೀಸಾಗಿ ಬರುತ್ತೆ. ಹಳೇ ಪ್ಲಗ್ಗನ್ನೇ ಪಾಲಿಶ್ ಪೇಪರ್‌ನಿಂದ ತಿಕ್ಕಿದರೆ ಮೈಲೇಜ್ ಡಬಲ್!! ಹತ್ತು ಜನಕ್ಕೆ ಕಳಿಸಿ 🙏

ಕೋಥ್ರುಡ ಕಾಕಾ: ನಾ ಮೊದಲಿಂದ ಹೇಳ್ತಿದ್ದೆ. ಗ್ಯಾರೇಜಿನವರೆಲ್ಲಾ ಕಳ್ಳರು.

ಹಿಂಜವಡಿ ತಮ್ಮ: ಕಾಕಾ, ಇದನ್ನ ಬರದವರು ಯಾರು?

ಕೋಥ್ರುಡ ಕಾಕಾ: ವಾಕಿಂಗ್ ಗ್ರೂಪಿನ್ಯಾಗ ಬಂತು. ರಿಟೈರ್ಡ್ ಎಂಜಿನಿಯರ್ ಕಳಸ್ಯಾರ.

ಹಿಂಜವಡಿ ತಮ್ಮ: ಯಾವ ಎಂಜಿನಿಯರ್?

ಕೋಥ್ರುಡ ಕಾಕಾ: ನೀರಾವರಿ.

ಹಿಂಜವಡಿ ತಮ್ಮ: ನಿಮ್ಮ ಮಾರುತಿ 800ರ ಎಂಜಿನ್ ಹೆಡ್, ಅಂದ್ರ ಪ್ಲಗ್ ಕೂಡೂ ಭಾಗ, ಅಲ್ಯುಮಿನಿಯಂದು ಕಾಕಾ. ಬಿಸಿ ಇದ್ದಾಗ ಬಿಚ್ಚಿದ್ರ ಪ್ಲಗ್ ಜೋಡಿ ಹೆಡ್ಡಿನ ಥ್ರೆಡ್ಡೂ (ತಿರುಪಿನ ಗೆರಿ) ಕಿತ್ತು ಬರಬಹುದು. ಪೂರ್ತಿ ತಣ್ಣಗಾಗಲಿ. ಹೊಸಾದು ಹಾಕೂವಾಗ ಮೊದಲ ಬರೇ ಕೈಲೆ ತಿರುವ್ರಿ, ಬಿಗಿ ಅನಿಸಿದ್ರ ವಾಪಸ್ ತಗೀರಿ. ಸರಿ ಕೂತ ಮ್ಯಾಲ ಪಾನಾದಿಂದ ಅರ್ಧಾ ಸುತ್ತು, ಮ್ಯಾಲ ಚೂರು, ಅಷ್ಟ. ಮತ್ತ ಪಾಲಿಶ್ ಪೇಪರಿನ ಹರಳು ಪ್ಲಗ್ಗಿನ ಸಂದ್ಯಾಗ ಕೂತು ಎಂಜಿನ್ ಒಳಗ ಹೋಗ್ತಾವ. ಸವದ ತುದಿ ತಿಕ್ಕಿದ್ರ ಬೆಳೀತದೇನು?

ಬೋರಿವಲಿ ದೊಡ್ಡಪ್ಪ: ಹಿರಿಯರಿಗೆ ಹಿಂಗ ಎದುರು ಮಾತಾಡಬಾರದು. ನಾವು ನಮ್ಮ ಕೆಲಸ ನಾವಽ ಮಾಡ್ಕೋತಿದ್ವಿ. ಈಗಿನ ಹುಡುಗರು ಟಾಯರಿಗೆ ಗಾಳಿ ಹಾಕಲಿಕ್ಕೂ ಮೊಬೈಲ್ ತಗೀತಾರ.

ಹಿಂಜವಡಿ ತಮ್ಮ: ದೊಡ್ಡಪ್ಪ, ನಾ ಥ್ರೆಡ್ ಬಗ್ಗೆ ಹೇಳಿದ್ದು.

ಬೋರಿವಲಿ ದೊಡ್ಡಪ್ಪ: ನಾ ಸಂಸ್ಕಾರದ ಬಗ್ಗೆ ಹೇಳಿದ್ದು.

ಡೊಂಬಿವಲಿ ಮಾಮಾ: ಪ್ಲಗ್ ಅಂದಕೂಡಲೆ ನನ್ನ ಚೇತಕ್ ಸ್ಕೂಟರ್ ನೆನಪಾತು 😍 ಡಿಕ್ಕ್ಯಾಗ ಒಂದು ಪ್ಲಗ್, ಒಂದು ಪಾನಾ, ಒಂದು ತುಂಡು ಪಾಲಿಶ್ ಪೇಪರ್ ಕಾಯಂ. ಗಾಡಿ ಒಂದು ಕಡೆ ವಾಲಿಸಿ ಕಿಕ್ ಹೊಡದ್ರ ಇಡೀ ಚಾಳಿಗೆ ಎಚ್ಚರ!

ಕೋಥ್ರುಡ ಕಾಕಾ: ನೋಡು, ಮಾಮಾನೂ ಪಾಲಿಶ್ ಪೇಪರ್ ಅಂದ್ರು.

ಹಿಂಜವಡಿ ತಮ್ಮ: ಅದು ಟೂ ಸ್ಟ್ರೋಕ್. ಪೆಟ್ರೋಲಿನ್ಯಾಗಽ ಆಯಿಲ್ ಇರ್ತಿತ್ತು, ಪ್ಲಗ್ ಕರ್ರಗಾಗ್ತಿತ್ತು. ನಿಮ್ಮ ಕಾರಿನ ಪ್ಲಗ್ ಆಯಿಲಿಂದ ಹಸಿ ಆಗಿದ್ರ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಹೋಗಿರ್ತದ. ಪ್ಲಗ್ ಬದಲಿಸಿ ಏನು ಉಪಯೋಗ?

ಡೊಂಬಿವಲಿ ಮಾಮಾ: ಸಾತಾರಾ ದಾರ್ಯಾಗ ಖಂಬಾಟಕಿ ಘಾಟಿನ್ಯಾಗ ಕಾಕಾನ ಕಾರಿಗೆ ಏನಾತು, ನೆನಪದ ಏನು? ಮೂರೂ ಪ್ಲಗ್ಗಿನ ವಾಯರ್ ಒಮ್ಮೆಲೆ ಕಿತ್ತು ಅದಲಬದಲ ಹಾಕಿದವರು ಯಾರು?

ಕೋಥ್ರುಡ ಕಾಕಾ: ನೀವು.

ಡೊಂಬಿವಲಿ ಮಾಮಾ: ನಾ ಬರೇ ಟಾರ್ಚ್ ಹಿಡದಿದ್ದೆ!

ಹಿಂಜವಡಿ ತಮ್ಮ: ವಾಯರ್ ಅದಲಬದಲ ಆದ್ರ ಎಂಜಿನ್ ಸರಿ ಓಡಂಗಿಲ್ಲ. ಅದಕ್ಕಽ ಒಂದು ವಾಯರ್ ತಗದು, ಆ ಪ್ಲಗ್ ಬದಲಿಸಿ, ಅದಽ ವಾಯರ್ ಹಾಕಿ, ಆಮ್ಯಾಲ ಮುಂದಿಂದು.

(ಇದಕ್ಕೆ ನೀಲಿ ಟಿಕ್ ಬಂದವು, ಉತ್ತರ ಬರಲಿಲ್ಲ. ಕಾರಿರುವವರು ಓದಬೇಕಾದ ಮೆಸೇಜು ಇದೇ.)

ಕೋಥ್ರುಡ ಕಾಕು: ಮುಂಜಿವಿ ಮುಹೂರ್ತ ತಪ್ಪಿತು. ಇಳಕಲ್ಲ ಸೀರಿ ಉಟ್ಟು ಘಾಟಿನ ಕಟ್ಟಿ ಮ್ಯಾಲ ಕೂತವರು ನಾವು. ಅದನ್ನ ಯಾರೂ ಕೇಳಂಗಿಲ್ಲ.

ಬೋರಿವಲಿ ದೊಡ್ಡಪ್ಪ: ಸಮಾಧಾನ, ಸಮಾಧಾನ 🙏

ಕೋಥ್ರುಡ ಕಾಕು: ಇವರು ಈಗಷ್ಟ ಕಾಯಿಪಲ್ಯಾ ತಂದಾರ, ಕಾರ್ ಇನ್ನೂ ಸುಡ್ತದ. ಪಾನಾ ಹಿಡಕೊಂಡು ಕೆಳಗ ಹೊಂಟಾರ. ಯಾರರ ಹೇಳ್ರಿ.

ಬೋರಿವಲಿ ದೊಡ್ಡಪ್ಪ: ಅವತ್ತು ಶಿರವಳ ತನಕ ಗಾಡಿ ಹೊಡದವರು ಯಾರು? ಮೊದಲ ಅದನ್ನ ಹೇಳ್ರಿ.

ಡೊಂಬಿವಲಿ ಮಾಮಾ: ನೀವಽ ಭಾವಜಿ.