ಸಹಾಯ ಬೇಕು: ತಡವಾಗಿ ಪತ್ತೆಯಾದ ಸ್ತನ ಕ್ಯಾನ್ಸರ್ ದಾವೆಗೆ ತಜ್ಞ ಅಭಿಪ್ರಾಯ

ಮೊದಲ ಮ್ಯಾಮೊಗ್ರಾಮ್ ವರದಿಯಲ್ಲಿ ಬೈರಾಡ್ಸ್ 3 (ಬಹುತೇಕ ನಿರಪಾಯಕಾರಿ, ಆದರೆ ಕಣ್ಣಿಡಬೇಕು ಎಂಬ ವರ್ಗ) ಅಂತಿದೆ. ಅಂದರೆ 6 ತಿಂಗಳಿಗೆ ಮರುಪರೀಕ್ಷೆ ಆಗಬೇಕಿತ್ತು. ಆಗಿದ್ದು 14 ತಿಂಗಳಿಗೆ. ಅಷ್ಟರಲ್ಲಿ ಕಂಕುಳಿನ ಗ್ರಂಥಿಗೂ ಹರಡಿದೆ.

ತಡವಾಗಿದೆ ಅಂತ ತೋರಿಸುವುದು ಸುಲಭ. ಇಂಥ ಕೇಸು ಬಿದ್ದುಹೋಗುವುದು ಮುಂದಿನ ಪ್ರಶ್ನೆಯಲ್ಲಿ: ಆಗಲೇ ಹಿಡಿದಿದ್ದರೆ ಹಂತ, ಚಿಕಿತ್ಸೆ, ಬದುಕುವ ಸಾಧ್ಯತೆ ಎಷ್ಟು ಬದಲಾಗುತ್ತಿತ್ತು? ಅದಕ್ಕೆ ಗಡ್ಡೆಯ ಗ್ರೇಡ್, ಕೆಐ-67 (ಕ್ಯಾನ್ಸರ್ ಕೋಶಗಳು ಎಷ್ಟು ವೇಗವಾಗಿ ಬೆಳೆಯುತ್ತಿವೆ ಎಂಬುದರ ಸೂಚಕ), ಎರಡೂ ಸಲದ ಅಳತೆ ನೋಡಿ ಹೇಳಬಲ್ಲ ಆಂಕಾಲಜಿಸ್ಟ್ ಬೇಕು.

ಜೊತೆಗೊಬ್ಬ ರೇಡಿಯಾಲಜಿಸ್ಟ್. ಮೂಲ ಡೈಕಾಮ್ ಫೈಲುಗಳಿವೆ, ಅಂದರೆ ಸ್ಕ್ಯಾನಿನ ಅಸಲಿ ಡಿಜಿಟಲ್ ಚಿತ್ರಗಳು (ಫಿಲ್ಮಿನ ಮೊಬೈಲ್ ಫೋಟೊ ಉಪಯೋಗಕ್ಕೆ ಬರಲ್ಲ). ಅವರಿಗೆ ಹಳೆಯ ಚಿತ್ರ ಮಾತ್ರ ಕಳಿಸುತ್ತೇವೆ. ಫಲಿತಾಂಶ ಗೊತ್ತಿದ್ದರೆ ಕಣ್ಣು ಗಡ್ಡೆಯನ್ನೇ ಹುಡುಕುತ್ತದೆ, ಪಾಟೀಸವಾಲಿನಲ್ಲಿ ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ. ಇದನ್ನು ಓದಿದ ರೇಡಿಯಾಲಜಿಸ್ಟ್‌ಗಳು ಆಗಲೇ ಅನರ್ಹರು! ಓದದವರನ್ನು ಸೂಚಿಸಿ, ಕಾಲಮಿತಿ ಹತ್ತಿರವಿದೆ.